ಕಣ್ಣು ಯಾರ ಮೇಲಿರಬೇಕು: ದುಡ್ಡಿಟ್ಟವರ ಮೇಲೋ, ಇಡಿಸಿಕೊಂಡವರ ಮೇಲೋ?

ಮಾನ್ಯ ಸಂಪಾದಕರೇ,

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ, ರಾಜ್ಯದ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಸ್ಟಿಕ್ಕರ್ ಕಿತ್ತು ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿಸಿದ್ದರು. ಚೀಟಿಗಳು ಬಹುಪಾಲು ಉದುರಿದವು, ಅನುಮಾನ ಉಳಿಯಿತು. ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆ, ಎಪಿಎಂಸಿ ಯಾರ್ಡ್‌ಗಳಲ್ಲಿ ಇವತ್ತಿಗೂ ಕಿವಿಗೆ ಬೀಳುವ ಮಾತು ಎರಡು. ಬ್ಯಾಂಕಿನಲ್ಲಿಟ್ಟರೆ ಸರ್ಕಾರಕ್ಕೆ ಗೊತ್ತಾಗುತ್ತೆ ಎನ್ನುವುದು ಒಂದು, ಬ್ಯಾಂಕೇ ಮುಳುಗಿದರೆ ಯಾರನ್ನು ಕೇಳೋದು ಎನ್ನುವುದು ಇನ್ನೊಂದು. ಈ ಎರಡು ಭಯಗಳ ಮೂಲವೂ ಬೇರೆ, ಮದ್ದೂ ಬೇರೆ. ಎರಡನ್ನೂ ಒಂದೇ ಗಂಟು ಕಟ್ಟಿಕೊಂಡವರ ದುಡ್ಡು ಕೊನೆಗೆ ಹೋಗಿ ಸೇರುವುದು ಠೇವಣಿ ವಿಮೆ (ಬ್ಯಾಂಕ್ ಮುಳುಗಿದರೆ ದುಡ್ಡಿಟ್ಟವರಿಗೆ ಒಂದು ಮಿತಿಯವರೆಗೆ ಹಣ ಕೊಡುವ ವಿಮೆ) ಇಲ್ಲದ, ರಿಸರ್ವ್ ಬ್ಯಾಂಕಿನ ಕಣ್ಣು ಬೀಳದ ಸೊಸೈಟಿಗೆ, ಇಲ್ಲವೇ ನೋಂದಣಿಯೇ ಆಗದ ಚೀಟಿ ವ್ಯವಹಾರಕ್ಕೆ. ನಮ್ಮ ತಕರಾರು ಇರುವುದು ಇದರ ಬಗ್ಗೆ.

ಭಯಕ್ಕೆ ಕಾರಣಗಳಿವೆ, ಅದನ್ನು ಮೊದಲೇ ಒಪ್ಪಿಬಿಡೋಣ. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದ ಮೇಲೆ ಸ್ವಂತ ಖಾತೆಯಿಂದ ವಾರಕ್ಕೆ 24 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿರಲಿಲ್ಲ. 2017ರ ಆಗಸ್ಟ್‌ನಲ್ಲಿ ಮಂಡನೆಯಾದ, ಹಣಕಾಸು ಸಂಸ್ಥೆಗಳ ಬಿಕ್ಕಟ್ಟು ಬಗೆಹರಿಸುವ ಎಫ್‌ಆರ್‌ಡಿಐ ಮಸೂದೆಯಲ್ಲಿ, ಮುಳುಗುವ ಬ್ಯಾಂಕನ್ನು ಎತ್ತಲು ಠೇವಣಿದಾರರ ಹಣಕ್ಕೂ ಕೈಹಾಕಲು ಅವಕಾಶವಿದ್ದ ಕಲಮೊಂದಿತ್ತು. ಗದ್ದಲವಾಗಿ 2018ರ ಆಗಸ್ಟ್‌ನಲ್ಲಿ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಮಸೂದೆ ಹೋದರೂ ಅದರ ವಾಟ್ಸ್‌ಆ್ಯಪ್ ಸಂದೇಶ ಇನ್ನೂ ಓಡಾಡುತ್ತಿದೆ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಮುಂಬೈನ ಪಿಎಂಸಿ ಸಹಕಾರ ಬ್ಯಾಂಕಿನ ಗ್ರಾಹಕರಿಗೆ ಮೊದಲು ತೆಗೆಯಲು ಬಿಟ್ಟಿದ್ದು ಬರೀ 1,000 ರೂಪಾಯಿ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ಮಿತಿ 35 ಸಾವಿರ, ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನಲ್ಲಿ 50 ಸಾವಿರ, ಅದೇ ವರ್ಷ ನವೆಂಬರ್‌ನಲ್ಲಿ ಲಕ್ಷ್ಮೀವಿಲಾಸ ಬ್ಯಾಂಕಿನಲ್ಲಿ 25 ಸಾವಿರ. ಯೆಸ್ ಬ್ಯಾಂಕಿನ ಮಿತಿ ಎರಡು ವಾರಕ್ಕೇ ತೆರವಾಯಿತು, ಲಕ್ಷ್ಮೀವಿಲಾಸ ಬ್ಯಾಂಕ್ ಡಿಬಿಎಸ್ ಜೊತೆ ವಿಲೀನವಾಗಿ ಠೇವಣಿದಾರರ ದುಡ್ಡು ಉಳಿಯಿತು. ಸಹಕಾರ ಬ್ಯಾಂಕುಗಳ ಗ್ರಾಹಕರು ವರ್ಷಗಟ್ಟಲೆ ಕಾದರು. ಬ್ಯಾಂಕುಗಳೆಲ್ಲ ಒಂದೇ ಎನ್ನುವವರು ಈ ವ್ಯತ್ಯಾಸ ನೋಡಬೇಕು.

ಮೊದಲು ಜಿಎಸ್‌ಟಿ ನೋಟಿಸಿನ ವಿಷಯ. ಇಲಾಖೆ 2021-22ರಿಂದ 2024-25ರವರೆಗಿನ ಅಂಕಿಗಳನ್ನು ಯುಪಿಐ ಕಂಪನಿಗಳಿಂದ ತರಿಸಿಕೊಂಡಿತು. ಖಾತೆಗೆ ಬಂದ ಹಣದ ಒಟ್ಟು ಮೊತ್ತವನ್ನೇ ವಹಿವಾಟು ಎಂದು ಹಿಡಿದದ್ದು ಅದರ ತಪ್ಪು. ಯುಪಿಐ ಬಿಟ್ಟರೆ ವಹಿವಾಟೇ ಇಲ್ಲ ಎಂದುಕೊಂಡದ್ದು ವ್ಯಾಪಾರಿಗಳ ತಪ್ಪು. ಮಂಡಕ್ಕಿ, ಅವಲಕ್ಕಿಯ ಜೊತೆಗೆ ಖಾರ, ಬಿಸ್ಕತ್ತು, ಸೋಪು ಮಾರುವ ಒಂದು ಅಂಗಡಿಯ ಲೆಕ್ಕ ಹಾಕೋಣ. ವರ್ಷಕ್ಕೆ ಯುಪಿಐನಲ್ಲಿ ಬಂದದ್ದು 46 ಲಕ್ಷ. ಇದರಲ್ಲಿ ಮಗ ಊರಿಂದ ಕಳಿಸಿದ್ದು, ಕೈಗಡ ವಾಪಸ್ ಬಂದದ್ದು, ಚೀಟಿ ಎತ್ತಿದ್ದು, ಪಕ್ಕದ ಅಂಗಡಿಯವನ ಗಿರಾಕಿ ನಮ್ಮ ಸ್ಕ್ಯಾನರ್‌ಗೆ ಹಾಕಿದ್ದು ಎಲ್ಲ ಸೇರಿ 9 ಲಕ್ಷ. ಉಳಿದ 37 ಲಕ್ಷ ಮಾರಾಟ. ಅದರಲ್ಲಿ 22 ಲಕ್ಷ ಬಿಡಿ ಮಂಡಕ್ಕಿ, ಅವಲಕ್ಕಿಯದು. ಪ್ಯಾಕ್ ಮಾಡಿ ಲೇಬಲ್ ಹಚ್ಚದೆ ತೂಗಿ ಕೊಡುವ ಮಂಡಕ್ಕಿಗೆ ತೆರಿಗೆ ಸೊನ್ನೆ. 2022ರ ಜುಲೈ 18ರಿಂದ ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿದ್ದಕ್ಕೆ ಮಾತ್ರ 5%. ಇದರ ಮೇಲೆ ನಗದು ಮಾರಾಟ 8 ಲಕ್ಷ, ಅದರಲ್ಲಿ ತೆರಿಗೆ ಬೀಳುವ ಸರಕು 3 ಲಕ್ಷ. ಒಟ್ಟು ವಹಿವಾಟು 45 ಲಕ್ಷ ಆಯಿತು. ಸರಕು ಮಾತ್ರ ಮಾರುವವರಿಗೆ ನೋಂದಣಿ ಮಿತಿ 40 ಲಕ್ಷ, ಹಾಗಾಗಿ ನೋಂದಣಿ ಬೇಕು. ಆದರೆ ತೆರಿಗೆ ಬೀಳುವುದು 18 ಲಕ್ಷದ ಮೇಲೆ ಮಾತ್ರ. ರಾಜಿ ತೆರಿಗೆ ಪದ್ಧತಿಯಲ್ಲಿ, ಅಂದರೆ ವಹಿವಾಟಿನ ಮೇಲೆ ಒಂದೇ ನಿಗದಿತ ದರ ಕಟ್ಟುವ, ಎಲ್ಲರೂ ಕಾಂಪೋಸಿಷನ್ ಎನ್ನುವುದರಲ್ಲಿ, ವ್ಯಾಪಾರಿಗೆ 1%. ವರ್ಷಕ್ಕೆ 18 ಸಾವಿರ, ತಿಂಗಳಿಗೆ 1,500. ಇಷ್ಟಕ್ಕೆ ಹೆದರಿ ಕ್ಯೂಆರ್ ಕೀಳುವ ಅಗತ್ಯವಿತ್ತೇ?

ಜನ ಎಡವುವ ಜಾಗ ಒಂದಿದೆ. ಮಂಡಕ್ಕಿಗೆ ತೆರಿಗೆ ಇಲ್ಲವಲ್ಲ, ಅದನ್ನೇಕೆ ಲೆಕ್ಕಕ್ಕೆ ಸೇರಿಸಬೇಕು ಎಂದು ಕೇಳುತ್ತಾರೆ. ಬರೀ ತೆರಿಗೆ ಇಲ್ಲದ ಸರಕು ಮಾರಿದರೆ, ವಹಿವಾಟು ಕೋಟಿ ದಾಟಿದರೂ ನೋಂದಣಿ ಬೇಡ. ಹಾಲು, ತರಕಾರಿ, ಹಣ್ಣಿನವರು ಈ ಗುಂಪಿನವರು. ಆದರೆ ತೆರಿಗೆ ಬೀಳುವ ಒಂದು ಸರಕು ಸೇರಿತೋ, ಮಿತಿ ದಾಟಿದೆಯೇ ಎಂದು ನೋಡುವಾಗ ತೆರಿಗೆ ಇಲ್ಲದ್ದನ್ನೂ ಕೂಡಿಸಬೇಕು. ಅದೇ ಅಂಗಡಿಯ ಮುಂದೆ ಬೆಂಚು ಹಾಕಿ ಮಿರ್ಚಿ, ಚಹಾ ಕೊಡಲು ಶುರು ಮಾಡಿದರೆ ಅದು ಸೇವೆಯಾಗುತ್ತದೆ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಬೆಣ್ಣೆದೋಸೆ ಹೋಟೆಲಿನವರಿಗೂ ಇದೇ. ಹೋಟೆಲಿಗೆ ಕಾಂಪೋಸಿಷನ್‌ನಲ್ಲೂ 5%, ಮಾಮೂಲಿ ನೋಂದಣಿಯಲ್ಲೂ 5%. ವ್ಯತ್ಯಾಸವೆಂದರೆ ಕಾಂಪೋಸಿಷನ್‌ನಲ್ಲಿ ಅದನ್ನು ಗಿರಾಕಿಯ ಬಿಲ್ಲಿನಲ್ಲಿ ಬೇರೆಯಾಗಿ ಹಾಕುವಂತಿಲ್ಲ, ಬದಲಿಗೆ ರಿಟರ್ನ್ ಕೆಲಸ ಕಡಿಮೆ. ‘ಕಾಂಪೋಸಿಷನ್ ತಗೊಳ್ಳಿ, ಅಗ್ಗ’ ಎಂದು ಹೋಟೆಲಿನವರಿಗೆ ಕಣ್ಣು ಮುಚ್ಚಿ ಸಲಹೆ ಕೊಡುವ ಏಜೆಂಟರು ಇದನ್ನು ಹೇಳುವುದಿಲ್ಲ.

ನೋಟಿಸ್ ಬಂದರೆ ಸುಮ್ಮನಿರುವುದೇ ಎಲ್ಲಕ್ಕಿಂತ ದುಬಾರಿ. ಬ್ಯಾಂಕಿನಿಂದ ಆ ವರ್ಷದ ಸ್ಟೇಟ್‌ಮೆಂಟ್ ತೆಗೆಸಿ, ಪ್ರತಿ ಜಮೆಯ ಎದುರು ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋಗಿ: ಮಾರಾಟ, ಮನೆಯದು, ಸಾಲ, ಬೇರೆಯವರದು. ಖರೀದಿ ಬಿಲ್ಲುಗಳಿಂದ ತೆರಿಗೆ ಇಲ್ಲದ ಸರಕು ಎಷ್ಟು ಬಂತು ಎಂದು ತೋರಿಸಿ, ತಿಂಗಳುವಾರು ಕೋಷ್ಟಕ ಮಾಡಿ, ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಬೇಕು. ವ್ಯಾಪಾರಕ್ಕೆ ಒಂದು, ಮನೆಗೆ ಒಂದು ಎಂದು ಎರಡು ಖಾತೆ ಇಟ್ಟುಕೊಂಡವರಿಗೆ ಇದು ಅರ್ಧ ದಿನದ ಕೆಲಸ. ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ಮುಂದೆ ನೋಂದಣಿ ಆಗಬೇಕು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಜುಲೈ 23ರ ಸಭೆಯಲ್ಲಿ ಹೇಳಿದ್ದರು. ಮೊದಲೇ ತಿಳಿವಳಿಕೆ ಕೊಟ್ಟು, ಆಮೇಲೆ ನೋಟಿಸ್ ಕಳಿಸಿದ್ದರೆ ಆ ಸಭೆಯೇ ಬೇಕಿರಲಿಲ್ಲ.

ನೋಂದಣಿಗೆ ಜನ ಹಿಂಜರಿಯಲು ತೆರಿಗೆಗಿಂತ ದೊಡ್ಡ ಕಾರಣ ಇನ್ನೊಂದಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ಮನೆಯಾಕೆ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಗೃಹಲಕ್ಷ್ಮಿ ಇಲ್ಲ. ತಿಂಗಳಿಗೆ 2,000ದಂತೆ ವರ್ಷಕ್ಕೆ 24 ಸಾವಿರ. ಮೇಲೆ ಹೇಳಿದ ಅಂಗಡಿಯವನು 18 ಸಾವಿರ ತೆರಿಗೆ ಕಟ್ಟಿ 24 ಸಾವಿರ ಕಳೆದುಕೊಂಡರೆ, ಅವನ ಮಟ್ಟಿಗೆ ಪ್ರಾಮಾಣಿಕತೆಯ ಬೆಲೆ 42 ಸಾವಿರ. 2024ರ ನವೆಂಬರ್‌ನ ಬಿಪಿಎಲ್ ಕಾರ್ಡ್ ಗದ್ದಲದಲ್ಲೂ ಇದೇ ಆಯಿತು. ಕೊನೆಗೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಬೇಕಾಯಿತು. ಸಾಲಕ್ಕೆ ಬೇಕೆಂದು ಸೊನ್ನೆ ತೆರಿಗೆಯ ರಿಟರ್ನ್ ಹಾಕಿದವನೂ ತೆರಿಗೆ ಕಟ್ಟುವವನೂ ಒಂದೇ ಅಲ್ಲ ಎಂಬುದು ಇಲಾಖೆಗಳ ಕಂಪ್ಯೂಟರ್‌ಗೆ ಮೊದಲು ತಿಳಿಯಬೇಕು.

ಇನ್ನು ‘ಸರ್ಕಾರಕ್ಕೆ ಎಲ್ಲ ಗೊತ್ತಾಗುತ್ತೆ’ ಎಂಬ ಮಾತು. ಎಲ್ಲ ಗೊತ್ತಾಗುವುದಿಲ್ಲ, ಗೊತ್ತಾಗುವುದಕ್ಕೆ ಪಟ್ಟಿ ಇದೆ. ಒಂದು ಆರ್ಥಿಕ ವರ್ಷದಲ್ಲಿ ಉಳಿತಾಯ ಖಾತೆಗಳಿಗೆ ಒಟ್ಟು 10 ಲಕ್ಷ ಅಥವಾ ಹೆಚ್ಚು ನಗದು ಕಟ್ಟಿದರೆ, ಚಾಲ್ತಿ ಖಾತೆಯಲ್ಲಿ 50 ಲಕ್ಷ ಮುಟ್ಟಿದರೆ, ಹೊಸ ಎಫ್‌ಡಿಗಳು ಸೇರಿ 10 ಲಕ್ಷ ಆದರೆ ಬ್ಯಾಂಕ್ ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ. ಎಫ್‌ಡಿ ನವೀಕರಣ ಇದಕ್ಕೆ ಸೇರುವುದಿಲ್ಲ. ಕೊಟ್ಟ ಬಡ್ಡಿಯ ಲೆಕ್ಕವೂ ಹೋಗುತ್ತದೆ. ತಿಂಗಳಲ್ಲಿ 10 ಲಕ್ಷ ಮೀರಿದ ನಗದು ವಹಿವಾಟಿನ ವರದಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬೇರೆ ದಾರಿಯಲ್ಲಿ ದೆಹಲಿಯ ಹಣಕಾಸು ಗುಪ್ತಚರ ಘಟಕ ಸೇರುತ್ತದೆ. ಇಲ್ಲಿ ಗಮನಿಸಬೇಕಾದ್ದು ನಗದು ಎಂಬ ಮಾತು. ಉಳಿತಾಯ ಖಾತೆಗೆ ಆರ್‌ಟಿಜಿಎಸ್‌ನಲ್ಲಿ ಬಂದ 10 ಲಕ್ಷಕ್ಕೆ ಈ ನಗದು ವರದಿ ಇಲ್ಲ. ಸರ್ಕಾರದ ಕಣ್ಣು ತಪ್ಪಿಸಬೇಕೆಂದು ನಗದು ಹಿಡಿದವನೇ ನೇರವಾಗಿ ಆ ಪಟ್ಟಿಗೆ ಹೋಗಿ ಬೀಳುತ್ತಾನೆ.

ಚನ್ನಗಿರಿ, ಭೀಮಸಮುದ್ರದ ಕಡೆಯ ಅಡಿಕೆ ಬೆಳೆಗಾರರು ಇದರಲ್ಲಿ ಹೆಚ್ಚು ಸಿಕ್ಕಿಕೊಳ್ಳುತ್ತಾರೆ. ಕ್ವಿಂಟಲ್‌ಗೆ 50 ಸಾವಿರ ಎಂದು ಹಿಡಿದರೂ 20 ಕ್ವಿಂಟಲ್‌ಗೆ 10 ಲಕ್ಷ ಆಗಿಬಿಡುತ್ತದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಅದು ಕೃಷಿ ಆದಾಯ ಎಂದು ತೋರಿಸುವ ಹೊಣೆ ಮಾತ್ರ ಬೆಳೆಗಾರನದೇ. ನೋಟಿಸಿಗೆ ಉತ್ತರ ಕೊಡಲು ಬೇಕಾಗುವುದು ಬೆಳೆ ಕಾಲಂನಲ್ಲಿ ಅಡಿಕೆ ನಮೂದಾದ ಆ ವರ್ಷದ ಪಹಣಿ, ಮಂಡಿಯ ಲೆಕ್ಕ ಚೀಟಿ ಅಥವಾ ಸಹಕಾರ ಸಂಘದ ಮಾರಾಟ ಪಟ್ಟಿ, ದುಡ್ಡು ಖಾತೆಗೆ ಬಂದ ದಿನಾಂಕ. ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಪಹಣಿ ಅಪ್ಪನ ಹೆಸರಲ್ಲಿ, ಚೀಟಿ ಮಗನ ಹೆಸರಲ್ಲಿ, ದುಡ್ಡು ಸೊಸೆಯ ಖಾತೆಯಲ್ಲಿ ಎಂದಾದಾಗಲೇ ರಗಳೆ ಶುರುವಾಗುವುದು. 2017ರ ಏಪ್ರಿಲ್ 1ರಿಂದ ಒಬ್ಬರಿಂದ ಒಂದು ದಿನಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ದಂಡ ಬೀಳುವುದು ಕೊಟ್ಟ ದಲ್ಲಾಳಿಗಲ್ಲ, ಪಡೆದವನಿಗೆ, ಅದೂ ಪಡೆದಷ್ಟೇ ಮೊತ್ತ. ‘ಕ್ಯಾಶ್ ಆದರೆ ಈಗಲೇ, ಬ್ಯಾಂಕಾದರೆ ಹದಿನೈದು ದಿನ’ ಎನ್ನುವ ಮಂಡಿಯವರಿಗೆ ರೈತರು ಈ ನಿಯಮವನ್ನೇ ತೋರಿಸಬೇಕು.

ತನ್ನ ಬಗ್ಗೆ ಏನು ವರದಿಯಾಗಿದೆ ಎಂದು ನೋಡಲು ಯಾರ ಕಾಲನ್ನೂ ಹಿಡಿಯಬೇಕಿಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಪ್ಯಾನ್ ಸಂಖ್ಯೆಯಿಂದ ಒಳಹೊಕ್ಕರೆ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿ ಸಿಗುತ್ತದೆ. ಯಾವ ಬ್ಯಾಂಕ್, ಎಷ್ಟು ಮೊತ್ತ, ಯಾವ ಬಾಬ್ತು ಎಂದು ಸಾಲು ಸಾಲಾಗಿ ಇರುತ್ತದೆ. ಜಂಟಿ ಖಾತೆಯ ಎಫ್‌ಡಿ ಬಡ್ಡಿ ಇಡಿಯಾಗಿ ಮೊದಲ ಹೆಸರಿನವರಿಗೇ ಬಿದ್ದಿರುವುದು ಇಲ್ಲಿ ಸಾಮಾನ್ಯ. ತಪ್ಪಿದ್ದರೆ ಆ ಸಾಲಿನ ಪಕ್ಕದಲ್ಲೇ ಅಭಿಪ್ರಾಯ ದಾಖಲಿಸಲು ಜಾಗವಿದೆ.

ಎರಡನೆಯ ಭಯಕ್ಕೆ, ಅಂದರೆ ಬ್ಯಾಂಕ್ ಮುಳುಗುವುದಕ್ಕೆ ಬರೋಣ. ಠೇವಣಿ ವಿಮೆ ನಮ್ಮಲ್ಲಿ 1962ರ ಜನವರಿ 1ರಿಂದ ಇದೆ. ಅದಕ್ಕೆ ಮುಂಚಿನ 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿತ್ತು. ಆರಂಭದಲ್ಲಿ ಮಿತಿ 1,500 ರೂಪಾಯಿ, 1993ರಲ್ಲಿ 1 ಲಕ್ಷ, 2020ರ ಫೆಬ್ರವರಿ 4ರಿಂದ 5 ಲಕ್ಷ. ನಡುವೆ 27 ವರ್ಷ ಆ 1 ಲಕ್ಷವನ್ನು ಅಲ್ಲಾಡಿಸಲೇ ಇಲ್ಲ. ಪ್ರೀಮಿಯಂ ಕಟ್ಟುವುದು ಬ್ಯಾಂಕ್, ಠೇವಣಿದಾರ ಬಿಡಿಗಾಸೂ ಕೊಡಬೇಕಿಲ್ಲ, ಅರ್ಜಿಯನ್ನೂ ಹಾಕಬೇಕಿಲ್ಲ.

ಈ 5 ಲಕ್ಷದ ಲೆಕ್ಕವನ್ನು ಬ್ಯಾಂಕಿನ ಕೌಂಟರಿನಲ್ಲೇ ತಪ್ಪಾಗಿ ಹೇಳುವವರಿದ್ದಾರೆ. ಇದು ಒಂದು ಖಾತೆಗಲ್ಲ, ಒಬ್ಬ ವ್ಯಕ್ತಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆ ಸೇರಿ. ಪಿ.ಜೆ. ಬಡಾವಣೆ ಶಾಖೆಯಲ್ಲಿ 4 ಲಕ್ಷ, ಹರಿಹರದ ಶಾಖೆಯಲ್ಲಿ 4 ಲಕ್ಷ ಇಟ್ಟರೂ ಸಿಗುವುದು 5 ಲಕ್ಷವೇ. ಅಸಲು, ಬಡ್ಡಿ ಎರಡೂ ಆ 5 ಲಕ್ಷದೊಳಗೇ ಬರಬೇಕು. ಆದ್ದರಿಂದ ಭರ್ತಿ 5 ಲಕ್ಷದ ಎಫ್‌ಡಿ ಮಾಡಿದರೆ ಬಡ್ಡಿಗೆ ವಿಮೆ ಇಲ್ಲ. 7% ದರದಲ್ಲಿ ವರ್ಷದ ಠೇವಣಿಯಾದರೆ 4 ಲಕ್ಷ 60 ಸಾವಿರ ಇಟ್ಟರೆ ಬಡ್ಡಿ ಸೇರಿಯೂ ಒಳಗೆ ಉಳಿಯುತ್ತದೆ. ಪ್ರೊಪ್ರೈಟರ್ ಆದ ಅಂಗಡಿಯ ಚಾಲ್ತಿ ಖಾತೆ ಮತ್ತು ಅದೇ ಮಾಲೀಕರ ಸ್ವಂತ ಉಳಿತಾಯ ಖಾತೆ ಕೂಡಿಯೇ ಲೆಕ್ಕಕ್ಕೆ ಬರುತ್ತವೆ. ಗಂಡ–ಹೆಂಡತಿ ಜಂಟಿ ಖಾತೆ ಬೇರೆ, ಹೆಂಡತಿಯ ಹೆಸರು ಮೊದಲಿಟ್ಟ ಜಂಟಿ ಖಾತೆ ಮತ್ತೊಂದು, ಮೈನರ್ ಮಗುವಿನ ಪರ ಪೋಷಕರಾಗಿ ಇಟ್ಟದ್ದು ಇನ್ನೊಂದು, ಪಾಲುದಾರಿಕೆ ಸಂಸ್ಥೆಯದು ಮಗದೊಂದು. ಹೀಗೆ ಒಂದೇ ಬ್ಯಾಂಕಿನಲ್ಲೂ ಒಂದು ಮನೆಯವರು 5 ಲಕ್ಷದ ಹಲವು ಗೂಡುಗಳನ್ನು ಕಾನೂನುಬದ್ಧವಾಗಿಯೇ ಮಾಡಿಕೊಳ್ಳಬಹುದು. ಆ ಬ್ಯಾಂಕಿಗೇ ಸಾಲ ಬಾಕಿ ಇದ್ದರೆ ಮಾತ್ರ ಅದನ್ನು ಮುರಿದುಕೊಂಡು ಉಳಿದದ್ದಕ್ಕೆ ವಿಮೆ.

ವಿಲೀನಗಳಿಂದ ಈ ಲೆಕ್ಕ ತಲೆಕೆಳಗಾದದ್ದು ಬಹಳ ಜನಕ್ಕೆ ಗೊತ್ತೇ ಇಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಸೇರಿತು, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಸೇರಿತು. 2025ರ ಮೇ 1ರಿಂದ ರಾಜ್ಯದ ಗ್ರಾಮೀಣ ಬ್ಯಾಂಕುಗಳೂ ಒಂದಾಗಿ ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹಿಂದೆ ಎರಡು ಬ್ಯಾಂಕಿನಲ್ಲಿ ಹಂಚಿಟ್ಟಿದ್ದವರದು ಈಗ ಒಂದೇ ಬುಟ್ಟಿ. ಸರ್ಕಾರಿ ಬ್ಯಾಂಕಿನ ವಿಷಯದಲ್ಲಿ ಇದಕ್ಕಾಗಿ ನಿದ್ದೆಗೆಡುವ ಅಗತ್ಯ ನಮಗೆ ಕಾಣುವುದಿಲ್ಲ. ಪಟ್ಟಣ ಸಹಕಾರ ಬ್ಯಾಂಕುಗಳಲ್ಲಿ ದೊಡ್ಡ ಮೊತ್ತ ಇಟ್ಟವರು ಮಾತ್ರ ಕೂತು ಹಂಚಿಕೆ ನೋಡಿಕೊಳ್ಳಬೇಕು.

ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದರೆ ಮೊದಲು ವರ್ಷಗಟ್ಟಲೆ ಕಾಯಬೇಕಿತ್ತು. 2021ರ ತಿದ್ದುಪಡಿಯ ಮೇಲೆ 90 ದಿನದೊಳಗೆ ವಿಮಾ ಮೊತ್ತ ಕೊಡಬೇಕು. ಮೊದಲ 45 ದಿನದಲ್ಲಿ ಬ್ಯಾಂಕ್ ಠೇವಣಿದಾರರ ಪಟ್ಟಿ ಕಳಿಸಬೇಕು, ಠೇವಣಿದಾರ ಒಪ್ಪಿಗೆ ಪತ್ರ, ಗುರುತಿನ ದಾಖಲೆ, ದುಡ್ಡು ಹಾಕಬೇಕಾದ ಬೇರೆ ಬ್ಯಾಂಕಿನ ಖಾತೆ ಸಂಖ್ಯೆ ಕೊಡಬೇಕು. ಹಣ ತಡವಾಗುವುದು ಇಲ್ಲೇ. ಠೇವಣಿ ಪತ್ರದಲ್ಲಿ ‘ಶಾಂತಮ್ಮ’, ಆಧಾರ್‌ನಲ್ಲಿ ‘ಶಾಂತ ಕೋಂ’ ಇತ್ಯಾದಿ. ತೀರಿಕೊಂಡವರ ಹೆಸರು ಜಂಟಿ ಖಾತೆಯಲ್ಲಿ ಹಾಗೇ ಉಳಿದಿರುತ್ತದೆ, ನಾಮಿನಿ ಹಾಕಿರುವುದಿಲ್ಲ. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಿ, ಯಾರಿಗೆ ಎಷ್ಟು ಪಾಲು ಎಂದೂ ಬರೆಯಬಹುದು. ಇವನ್ನೆಲ್ಲ ಬ್ಯಾಂಕ್ ಚೆನ್ನಾಗಿರುವಾಗಲೇ ಸರಿಮಾಡಿಸಿಕೊಳ್ಳಬೇಕು.

ಇಷ್ಟು ರಕ್ಷಣೆ ಇರುವ ಕಡೆಯಿಂದ ಜನ ಎದ್ದು ಹೋಗುವುದು ಎಲ್ಲಿಗೆ? ಬ್ಯಾಂಕಿಗಿಂತ ಎರಡು–ಮೂರು ಪರ್ಸೆಂಟ್ ಹೆಚ್ಚು ಬಡ್ಡಿ ಕೊಡುವ ಪತ್ತಿನ ಸಹಕಾರ ಸಂಘಕ್ಕೆ, ಸೌಹಾರ್ದ ಸಹಕಾರಿಗೆ. ಇವೆಲ್ಲ ಕೆಟ್ಟವು ಎಂಬ ಮಾತು ನಮ್ಮದಲ್ಲ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಸಣ್ಣ ವ್ಯಾಪಾರಕ್ಕೆ ಜೀವ ಕೊಟ್ಟ ಸಂಘಗಳಿವೆ, ಬ್ಯಾಂಕ್ ಬಾಗಿಲಲ್ಲೇ ವಾಪಸ್ ಕಳಿಸಿದವರಿಗೆ ಸಾಲ ಕೊಟ್ಟ ಸಂಘಗಳಿವೆ. ಆದರೆ ಇಲ್ಲಿನ ಠೇವಣಿಗೆ ಆ 5 ಲಕ್ಷದ ವಿಮೆ ಇಲ್ಲ. ಒಂದು ಠೇವಣಿ ಪತ್ರ ಕೈಗೆತ್ತಿಕೊಂಡು ನೋಡಿ. ಹೆಸರಿನಲ್ಲಿ ‘ಬ್ಯಾಂಕ್’ ಎಂದಿರುವುದಿಲ್ಲ, ‘ಸಹಕಾರ ಸಂಘ ನಿಯಮಿತ’ ಅಥವಾ ‘ಸಹಕಾರಿ ನಿಯಮಿತ’ ಎಂದಿರುತ್ತದೆ. ಇರುವುದು ಸಹಕಾರ ಇಲಾಖೆಯ ನೋಂದಣಿ ಸಂಖ್ಯೆ, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಅಲ್ಲ. ಸದಸ್ಯತ್ವದ ಜಾಗದಲ್ಲಿ ನಾಮಮಾತ್ರ ಸದಸ್ಯ ಎಂದಿದ್ದರೆ, ಆ ಮನುಷ್ಯನಿಗೆ ಮಹಾಸಭೆಯಲ್ಲಿ ಓಟು ಕೂಡ ಇಲ್ಲ. ದುಡ್ಡು ಮಾತ್ರ ಅಲ್ಲಿದೆ.

ಸಂಘ ಹೇಗೆ ಮುಳುಗುತ್ತದೆ ಎಂಬುದು ಗುಟ್ಟಲ್ಲ. ಒಂದು ವರ್ಷದ ಠೇವಣಿ ತೆಗೆದುಕೊಂಡು ಅದನ್ನು ಲೇಔಟಿಗೆ, ಸೈಟಿಗೆ, ಬಹಳ ಸಲ ನಿರ್ದೇಶಕರ ನೆಂಟರಿಗೇ ಐದಾರು ವರ್ಷದ ಸಾಲವಾಗಿ ಕೊಡುತ್ತಾರೆ. ಕಂತು ನಿಲ್ಲುತ್ತದೆ. ಬಾರದ ಬಡ್ಡಿಯನ್ನು ‘ಬರಬೇಕಾದ ಬಡ್ಡಿ’ ಎಂದು ಲಾಭಕ್ಕೆ ಸೇರಿಸಿ ಡಿವಿಡೆಂಡ್ ಹಂಚುತ್ತಾರೆ. ಅವಧಿ ಮುಗಿದ ಠೇವಣಿಗೆ ಹೊಸ ಠೇವಣಿಯಿಂದ ದುಡ್ಡು ಕೊಡುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುವ ಈ ಹಂತದಲ್ಲಿ ಹೊರಗೆ ಕಾಣುವ ಲಕ್ಷಣಗಳಿವೆ. ಠೇವಣಿ ತೆಗೆಯಲು ಹೋದರೆ ಅರ್ಧ ಪರ್ಸೆಂಟ್ ಹೆಚ್ಚು ಕೊಡುತ್ತೇವೆ, ನವೀಕರಿಸಿ ಎಂಬ ಒತ್ತಾಯ. ಮುಂದಿನ ತಾರೀಕಿನ ಚೆಕ್. ಪಿಗ್ಮಿ ಕಟ್ಟುವವರಿಗೆ ‘ಈ ತಿಂಗಳು ಅರ್ಧ ತಗೊಳ್ಳಿ’ ಎನ್ನುವುದು. ಇದರಲ್ಲಿ ಯಾವುದಾದರೂ ಒಂದು ಕಂಡ ದಿನವೇ ಲಿಖಿತ ಅರ್ಜಿ ಕೊಟ್ಟು ದುಡ್ಡು ಕೇಳಬೇಕು. ‘ನಮ್ಮವರೇ ಅಧ್ಯಕ್ಷರು’ ಎಂಬ ದಾಕ್ಷಿಣ್ಯಕ್ಕೆ ಬಿದ್ದವರೇ ಕೊನೆಯ ಸಾಲಿನಲ್ಲಿ ನಿಲ್ಲುವುದು.

ಸದಸ್ಯರಾದವರು ಸೆಪ್ಟೆಂಬರ್‌ನೊಳಗೆ ನಡೆಯುವ ವಾರ್ಷಿಕ ಮಹಾಸಭೆಯ ವರದಿ ಪುಸ್ತಕ ತೆಗೆದುಕೊಂಡು, ಊಟಕ್ಕೆ ಕೂರುವ ಮೊದಲು ಸುಸ್ತಿ ಸಾಲ ಒಟ್ಟು ಸಾಲದ ಎಷ್ಟು ಪಾಲು, ಬರಬೇಕಾದ ಬಡ್ಡಿ ಲಾಭಕ್ಕಿಂತ ದೊಡ್ಡದೇ, ಆಡಿಟ್ ವರ್ಗ ಎ ಇದೆಯೋ ಸಿ ಇದೆಯೋ ಎಂದು ನೋಡಬೇಕು. ಲಾಭ 20 ಲಕ್ಷ, ಬರಬೇಕಾದ ಬಡ್ಡಿ 90 ಲಕ್ಷ ಎಂದಿದ್ದರೆ ಆ ಲಾಭ ಕಾಗದದ ಮೇಲಿನದು. ಪಿಗ್ಮಿ ಕಟ್ಟುವವರು ತಿಂಗಳಿಗೊಮ್ಮೆ ಕಚೇರಿಗೆ ಹೋಗಿ ಲೆಡ್ಜರ್ ಪ್ರತಿಯನ್ನು ತಮ್ಮ ಪುಸ್ತಕದ ಜೊತೆ ತಾಳೆ ನೋಡಬೇಕು. ಸಂಗ್ರಾಹಕ ಪುಸ್ತಕದಲ್ಲಿ ಬರೆದದ್ದೆಲ್ಲ ಸಂಘಕ್ಕೆ ತಲುಪಿದೆ ಎನ್ನಲು ಅದೊಂದೇ ಪುರಾವೆ. ನೋಂದಣಿಯೇ ಇಲ್ಲದ ಸ್ಕೀಮುಗಳು 2019ರ ಕೇಂದ್ರ ಕಾಯ್ದೆಯಡಿ ಅಪರಾಧ. ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಠೇವಣಿದಾರರ ಹಿತರಕ್ಷಣೆಗೆ 2004ರ ರಾಜ್ಯ ಕಾಯ್ದೆಯೂ ಇದೆ. ಅದರಡಿ ಆಸ್ತಿ ಜಪ್ತಿ, ವಿಶೇಷ ನ್ಯಾಯಾಲಯ, ಹರಾಜು ಎಲ್ಲ ಮುಗಿದು ದುಡ್ಡು ಕೈಗೆ ಬರುವುದು ಮಾತ್ರ ಬಹಳ ದೂರದ ಮಾತು.

ಈಚೆಗೆ ಅಪನಂಬಿಕೆಗೆ ಹೊಸ ಕಾರಣವೊಂದು ಸೇರಿದೆ, ಖಾತೆ ಸ್ಥಗಿತ. ಬೇರೆ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ಎಗರಿಸಿದ ದುಡ್ಡು ಹತ್ತು ಖಾತೆ ದಾಟಿ, ಕೊನೆಗೆ ಅದರಲ್ಲಿ 350 ರೂಪಾಯಿ ಇಲ್ಲಿನ ಅಂಗಡಿಯ ಕ್ಯೂಆರ್‌ಗೆ ಬಂದಿರುತ್ತದೆ. ಅಲ್ಲಿನ ಪೊಲೀಸರ ಸೂಚನೆ ಬಂದ ಕೂಡಲೇ ಬ್ಯಾಂಕ್ ಇಡೀ ಖಾತೆಗೆ ಬೀಗ ಹಾಕುತ್ತದೆ. ಶಾಖೆಯಲ್ಲಿ ಸಿಗುವ ಉತ್ತರ ‘ಸೈಬರ್ ಕ್ರೈಂ ಸರ್, ನಮ್ಮ ಕೈಯಲ್ಲಿಲ್ಲ’. ಗ್ರಾಹಕ ಪಟ್ಟು ಹಿಡಿದು ಕೇಳಬೇಕಾದ್ದು ದೂರಿನ ಸ್ವೀಕೃತಿ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ಅದರ ಇಮೇಲ್, ವಿವಾದಿತ ಮೊತ್ತ ಎಷ್ಟು, ತಡೆದಿರುವುದು ಅಷ್ಟೇ ಮೊತ್ತವನ್ನೋ ಇಡೀ ಖಾತೆಯನ್ನೋ ಎಂಬುದು. ಪಾಸ್‌ಬುಕ್‌ನಲ್ಲಿ ‘ಲೀನ್’ ಎಂದಿದ್ದರೆ ಆ ಮೊತ್ತ ಮಾತ್ರ ತಡೆ, ‘ಡೆಬಿಟ್ ಫ್ರೀಜ್’ ಎಂದಿದ್ದರೆ ಒಂದು ರೂಪಾಯಿಯೂ ಹೊರಹೋಗದು. ವಿವರ ಸಿಕ್ಕ ಮೇಲೆ ಆ ದಿನದ ಬಿಲ್, ಸ್ಟೇಟ್‌ಮೆಂಟ್, ಗುರುತಿನ ಪತ್ರ ಸೇರಿಸಿ ಆ ಠಾಣೆಗೆ ಬರೆದು, ತಡೆಯನ್ನು ವಿವಾದಿತ ಮೊತ್ತಕ್ಕೆ ಇಳಿಸಲು ಕೋರಬೇಕು, ಪ್ರತಿಯನ್ನು ಶಾಖೆಗೆ ಮತ್ತು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ಕೊಡಬೇಕು. ಕೇರಳ ಹೈಕೋರ್ಟ್ 2023ರಲ್ಲೇ ಇಂಥ ಪ್ರಕರಣಗಳಲ್ಲಿ ತಡೆಯನ್ನು ವಿವಾದಿತ ಮೊತ್ತಕ್ಕೆ ಸೀಮಿತಗೊಳಿಸಿತ್ತು. ಬ್ಯಾಂಕ್ 30 ದಿನದಲ್ಲಿ ಲಿಖಿತ ಉತ್ತರ ಕೊಡದಿದ್ದರೆ ಆ ಲೋಪದ ಬಗ್ಗೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಕೇಳುವ ಅಧಿಕಾರಿ) ದೂರು ಕೊಡಬಹುದು, ಶುಲ್ಕವಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448. ಬ್ಯಾಂಕಿಗೆ ಮೊದಲು ಬರೆದ ಅರ್ಜಿಯ ಸ್ವೀಕೃತಿ ಇಲ್ಲದೆ ಹೋದರೆ ಅಲ್ಲಿ ದೂರು ನಿಲ್ಲುವುದಿಲ್ಲ, ಅಷ್ಟೇ.

ಖಾತೆಯಿಂದ ಕೇಳದೇ ಕತ್ತರಿಸುವ 436 ರೂಪಾಯಿಯ ಜೀವನ್ ಜ್ಯೋತಿ ಮತ್ತು 20 ರೂಪಾಯಿಯ ಸುರಕ್ಷಾ ವಿಮೆ, ಎಫ್‌ಡಿ ಮಾಡಿಸಲು ಬಂದ ಅಜ್ಜಿಗೆ ಅಂಟಿಸುವ ಜೀವವಿಮೆ ಪಾಲಿಸಿ ಇವುಗಳ ಬಗ್ಗೆ ಬರೆದರೆ ಇನ್ನೊಂದು ಪತ್ರವಾದೀತು. ಕೈಗೆ ಬಂದ ಕಾಗದದಲ್ಲಿ ‘ಪ್ರೀಮಿಯಂ’ ಎಂಬ ಪದ ಇದ್ದರೆ ಅದು ಎಫ್‌ಡಿ ಅಲ್ಲ, 30 ದಿನದೊಳಗೆ ಹಿಂತಿರುಗಿಸಬಹುದು ಎಂಬುದಷ್ಟನ್ನು ಓದುಗರು ಮನೆಯ ಹಿರಿಯರಿಗೆ ತಿಳಿಸಲಿ.

ನಾವು ಕೇಳುವುದು ಹೆಚ್ಚಿನದೇನಲ್ಲ. ಠೇವಣಿ ಪಡೆಯುವ ಪ್ರತಿ ಸಂಘ ತನ್ನ ಕೌಂಟರಿನಲ್ಲಿ, ಕಣ್ಣಿನ ಎತ್ತರಕ್ಕೆ, ಕನ್ನಡದಲ್ಲಿ ಒಂದು ಫಲಕ ಹಾಕಬೇಕು: ‘ಇಲ್ಲಿನ ಠೇವಣಿಗೆ ಠೇವಣಿ ವಿಮೆ ಇಲ್ಲ’, ಅದರ ಕೆಳಗೆ ಹಿಂದಿನ ವರ್ಷದ ಆಡಿಟ್ ವರ್ಗ ಮತ್ತು ಸುಸ್ತಿಯ ಶೇಕಡಾವಾರು. ದಾವಣಗೆರೆ, ಚಿತ್ರದುರ್ಗದ ಸಹಕಾರ ಸಂಘಗಳ ಉಪನಿಬಂಧಕರು ಇದನ್ನು ಜಾರಿಗೆ ತರಿಸಬೇಕು. ಖಾತೆ ತಡೆದ ಬ್ಯಾಂಕ್ ಅದೇ ದಿನ ದೂರಿನ ಸಂಖ್ಯೆ, ಠಾಣೆ, ಮೊತ್ತ ಬರೆದ ಚೀಟಿ ಕೊಡುವಂತೆ ಜಿಲ್ಲಾ ಮಟ್ಟದ ಬ್ಯಾಂಕರುಗಳ ಸಮಿತಿಯ ಮುಂದಿನ ಸಭೆ ನಿರ್ಣಯಿಸಲಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಅಂಕಿ ಹಿಡಿದು ನೋಟಿಸ್ ಕಳಿಸುವ ಮೊದಲು ಕನ್ನಡದಲ್ಲಿ ಒಂದು ವಿವರಣಾ ನಮೂನೆ ಕಳಿಸಿ, ವ್ಯಾಪಾರಿ ಅದನ್ನು ತುಂಬಿ ಕೊಡಲು ಒಂದು ತಿಂಗಳು ಕೊಡಲಿ. ಕಾಂಪೋಸಿಷನ್‌ನಲ್ಲಿರುವ ಸಣ್ಣ ಅಂಗಡಿಯವರ ಮನೆಯ ಗೃಹಲಕ್ಷ್ಮಿಯನ್ನು ರಿಟರ್ನ್ ಸಲ್ಲಿಸಿದ ಒಂದೇ ಕಾರಣಕ್ಕೆ ನಿಲ್ಲಿಸದೆ ನಿಜವಾದ ಆದಾಯ ನೋಡಿ ತೀರ್ಮಾನಿಸಲು ರಾಜ್ಯ ಸರ್ಕಾರ ಆದೇಶ ಹೊರಡಿಸಲಿ. ನಾಲ್ಕರಲ್ಲಿ ಮೊದಲನೆಯದಕ್ಕೆ ತಗಲುವುದು ಒಂದು ತಗಡಿನ ಫಲಕ, ಒಂದು ಡಬ್ಬಿ ಬಣ್ಣ.

ಇಂತಿ,
ನಿವೃತ್ತ ಬ್ಯಾಂಕ್ ನೌಕರರು ಮತ್ತು ತೆರಿಗೆ ಸಲಹೆಗಾರರು,
ದಾವಣಗೆರೆ